ಆಡಿಟ್ಟಾ, ಟ್ಯಾಕ್ಸಾ? ತಂಗಿಯ ಪ್ರಶ್ನೆಗೆ ಕೊಬ್ಬರಿ ಮೂಟೆಯ ಉತ್ತರ

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದು ಗಂಟೆಗೆ ತಂಗಿ ಫೋನ್ ಮಾಡಿದಳು. ಅಷ್ಟು ಹೊತ್ತಿಗೆ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ. ಅಪ್ಪನಿಗೆ ಏನಾದ್ರೂ ಆಯ್ತಾ ಅಂದುಕೊಂಡೇ ಎತ್ತಿದೆ. 'ಎಲ್ಲಾ ಚೆನ್ನಾಗಿದ್ದಾರೆ ಅಣ್ಣ, ಗಾಬರಿ ಬೀಳ್ಬೇಡ. ಒಂದು ವಿಷಯ ಆರಿಸ್ಬೇಕು, ಯಾವುದು ಅಂತ ಗೊತ್ತಾಗ್ತಿಲ್ಲ' ಅಂದಳು.

ಅವಳು ಸಿಎ ಓದುತ್ತಿದ್ದಾಳೆ. ಇಂಟರ್ ಮುಗಿದಿದೆ, ಆರ್ಟಿಕಲ್‌ಶಿಪ್ ನಡೆಯುತ್ತಿದೆ. ಈಗಿನ ಹೊಸ ಪದ್ಧತಿಯಲ್ಲಿ ಫೈನಲ್ ಪರೀಕ್ಷೆಗೆ ಮೊದಲು ಕೆಲವು ವಿಷಯಗಳನ್ನು ಆನ್‌ಲೈನ್‌ನಲ್ಲೇ ಓದಿ ಪಾಸು ಮಾಡಿಕೊಳ್ಳಬೇಕು. ಅದರಲ್ಲಿ ಒಂದನ್ನು ಒಂದು ಉದ್ದನೆಯ ಪಟ್ಟಿಯಿಂದ ನಾವೇ ಆರಿಸಬೇಕು. ರಿಸ್ಕ್ ಮ್ಯಾನೇಜ್‌ಮೆಂಟ್, ಅಂತರರಾಷ್ಟ್ರೀಯ ತೆರಿಗೆ, ಫೊರೆನ್ಸಿಕ್ ಅಕೌಂಟಿಂಗ್, ವ್ಯಾಲ್ಯುಯೇಷನ್, ದಿವಾಳಿ ಸಂಹಿತೆ, ಹೀಗೆ. ಪಟ್ಟಿಯನ್ನು ಅವಳು ಓದುತ್ತಾ ಹೋದಳು. ಕೊನೆಗೆ, 'ಇದರಲ್ಲಿ ಯಾವುದಕ್ಕೆ ಸ್ಕೋಪ್ ಇದೆ ಅಣ್ಣ?' ಅಂದಳು.

ನಾನು ಉತ್ತರ ಕೊಡಲಿಲ್ಲ. ಇಂಥದೇ ಪ್ರಶ್ನೆಗೆ ಹಿಂದೆ ಒಂದು ಸಲ ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟಿದ್ದೆ. ಅದರಿಂದ ಅವಳ ಒಂಬತ್ತು ತಿಂಗಳು ಹೋಯಿತು. ಆ ಕಥೆ ಮೊದಲು ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಬಿ.ಕಾಂ ಮುಗಿಸಿ ಮುಂದೇನು ಅಂತ ಕೂತಿರುವ ಮಗನೋ ಮಗಳೋ ಇದ್ದರೆ ಉಪಯೋಗಕ್ಕೆ ಬಂದೀತು.

ಕಿರ್ದಿ ಬರೆಯುತ್ತಿದ್ದ ಅಪ್ಪ

ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ರೈತರು ತಂದ ಕೊಬ್ಬರಿ ತೂಕಕ್ಕೆ ಹಾಕಿದ ಮೇಲೆ ಪಟ್ಟಿ ಬರೆದುಕೊಡುವುದು, ದಿನದ ಕಿರ್ದಿ, ಆಮೇಲೆ ಅವರವರ ಖಾತೆ, ಸಂಜೆ ರೋಕಡ ಸರಿ ಹೋಗುವ ತನಕ ಏಳುವ ಹಾಗಿಲ್ಲ. ಎಂಟಾಣೆ ವ್ಯತ್ಯಾಸ ಬಂದರೂ ಮನೆಗೆ ಬರುವುದು ತಡ. ಅಮ್ಮ, 'ಆ ಎಂಟಾಣೆ ನಾನೇ ಕೊಡ್ತೀನಿ, ಬಂದು ಊಟ ಮಾಡಿ' ಅಂತ ರೇಗುತ್ತಿದ್ದಳು. ಅಪ್ಪ ಕೇಳುತ್ತಿರಲಿಲ್ಲ.

ನಾನು ಎಂಜಿನಿಯರಿಂಗ್ ಮುಗಿಸಿದ ವರ್ಷವೇ, 2017ರ ಜುಲೈ 1ಕ್ಕೆ, ಜಿಎಸ್‌ಟಿ ಬಂತು. ಮಂಡಿಯ ಸಾಹುಕಾರರ ಮಗ ಕಂಪ್ಯೂಟರ್ ತಂದಿಟ್ಟ. ಲೆಕ್ಕದ ಸಾಫ್ಟ್‌ವೇರ್ ಹಾಕಿಸಿದ. ಅದನ್ನು ನಡೆಸಲು ಒಬ್ಬ ಹುಡುಗನನ್ನು ಇಟ್ಟುಕೊಂಡ. ಮೂವತ್ತು ವರ್ಷ ಹತ್ತಿರ ಕಿರ್ದಿ ಬರೆದ ಅಪ್ಪ ತೂಕದ ಚೀಟಿ ಜೋಡಿಸುವ ಕೆಲಸಕ್ಕೆ ಬಂದರು. ಸಂಬಳ ಕಡಿಮೆ ಮಾಡಲಿಲ್ಲ, ನಿಜ. ಆದರೆ ಸಂಜೆ ಐದೂವರೆಗೆಲ್ಲಾ ಮನೆಗೆ ಬಂದು ಜಗಲಿಯ ಮೇಲೆ ಸುಮ್ಮನೆ ಕೂರುವ ಅಪ್ಪನನ್ನು ನೋಡುವುದು ನಮಗೆ ಕಷ್ಟವಾಗುತ್ತಿತ್ತು.

ಆಗಲೇ ನನ್ನ ತಲೆಯಲ್ಲಿ ಒಂದು ತೀರ್ಮಾನ ಕೂತುಬಿಟ್ಟಿತು. ಲೆಕ್ಕ ಬರೆಯುವವರ ಕಾಲ ಮುಗಿಯಿತು, ಇನ್ನು ಸಾಫ್ಟ್‌ವೇರ್ ಬರೆಯುವವರ ಕಾಲ. ನಾನು ಬೆಂಗಳೂರಿಗೆ ಬಂದು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಕಂಪನಿಗೇ ಸೇರಿದೆ.

ಒಂದು ವಿಷಯ ಮಾತ್ರ ನಾನು ಗಮನಿಸಲಿಲ್ಲ. ಅದೇ ವರ್ಷ ದೀಪಾವಳಿ ಹೊತ್ತಿಗೆ ಮಂಡಿಯ ಖರೀದಿ ಲೆಕ್ಕ ಎಲ್ಲೋ ತಾಳೆಯಾಗಲಿಲ್ಲ. ಕಂಪ್ಯೂಟರ್ ಹುಡುಗ ಎರಡು ದಿನ ತಿಣುಕಿದ. ಕೊನೆಗೆ ಅಪ್ಪನನ್ನು ಕರೆದರು. ಅಪ್ಪ ಚೀಟಿಗಳ ಕಟ್ಟು ಹರಡಿಕೊಂಡು ಕೂತು, ಒಬ್ಬನೇ ರೈತನ ಒಂದೇ ಲೋಡಿಗೆ ಎರಡು ಚೀಟಿ ಬಂದು ಎರಡು ಸಲ ನಮೂದಾಗಿರುವುದನ್ನು ತೋರಿಸಿದರಂತೆ. 'ಆವತ್ತು ಅವನು ಒಂದೇ ಗಾಡಿ ತಂದಿದ್ದ, ನಂಗೆ ಚೆನ್ನಾಗಿ ನೆನಪಿದೆ' ಅಂದರಂತೆ. ಇದನ್ನು ಅಮ್ಮ ಫೋನಿನಲ್ಲಿ ಹೇಳಿದಾಗ 'ಹೌದಾ' ಅಂದು ಸುಮ್ಮನಾಗಿದ್ದೆ.

ನಾನು ಕೊಟ್ಟ ಬುದ್ಧಿಮಾತು

ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಮನೆಯಲ್ಲಿ ಪುಟ್ಟಿ. ಪಿಯುಸಿ ಆದ ಮೇಲೆ ಸಿಎ ಫೌಂಡೇಷನ್ ಬರೆದಳು, ಎರಡನೇ ಸಲಕ್ಕೆ ಪಾಸಾಯಿತು. ಜೊತೆಗೇ ಬಿ.ಕಾಂ. 2023ರಲ್ಲಿ ಡಿಗ್ರಿ ಮುಗಿಯುವ ಹೊತ್ತಿಗೆ ಇಂಟರ್‌ನ ಎರಡು ಗ್ರೂಪಿನಲ್ಲಿ ಒಂದು ಆಗಿತ್ತು, ಇನ್ನೊಂದು ಹೋಗಿತ್ತು. ಸಿಎ ಪರೀಕ್ಷೆಯ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪ್ರತಿ ಪೇಪರಿನಲ್ಲೂ ಕನಿಷ್ಠ 40 ಬರಬೇಕು, ಗ್ರೂಪಿನ ಒಟ್ಟು ಶೇಕಡಾ 50 ಆಗಬೇಕು. ಅವಳಿಗೆ ಪ್ರತಿ ಪೇಪರಿನಲ್ಲೂ 40 ದಾಟಿತ್ತು, ಒಟ್ಟು 50 ಮುಟ್ಟಲಿಲ್ಲ.

ಅವಳು ಇನ್ನೊಂದು ಸಲ ಬರೆಯುತ್ತೀನಿ ಅಂದಳು. ನಾನು ಬೇಡ ಅಂದೆ. 'ಅಕೌಂಟ್ಸ್‌ನೆಲ್ಲಾ ಇನ್ನು ಕಂಪ್ಯೂಟರ್ರೇ ಮಾಡುತ್ತೆ ಪುಟ್ಟಿ. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಅಕೌಂಟ್ಸ್ ಆಫೀಸುಗಳು ಬೇಕಾದಷ್ಟಿವೆ. ಬಿ.ಕಾಂ ಆದವರನ್ನು ನೇರ ತಗೋತಾರೆ. ಅಲ್ಲಿ ಸೇರ್ಕೊ, ಆಮೇಲೆ ಡೇಟಾ ಅನಾಲಿಟಿಕ್ಸ್ ಕಲಿ. ಸ್ಕೋಪ್ ಇರೋದು ಅದಕ್ಕೇ' ಅಂದೆ. ಅಣ್ಣ ಬೆಂಗಳೂರಲ್ಲಿದ್ದಾನೆ, ಅವನಿಗೆ ಗೊತ್ತಿರುತ್ತೆ ಅಂತ ಮನೆಯವರೂ ತಲೆಯಾಡಿಸಿದರು.

ಈಗ ನಿಜ ಹೇಳುತ್ತೇನೆ. ಆ ವರ್ಷ ನಮ್ಮ ಕಂಪನಿಯಲ್ಲಿ ಜನರನ್ನು ಮನೆಗೆ ಕಳಿಸುತ್ತಿದ್ದರು. ಊರಲ್ಲಿ ಮನೆ ಕಟ್ಟಿಸಿದ ಸಾಲ ನನ್ನ ಹೆಸರಿನಲ್ಲಿತ್ತು. ನನ್ನ ಕೆಲಸ ಹೋದರೆ ಕಂತು ಕಟ್ಟುವುದು ಹೇಗೆ ಅನ್ನುವ ಭಯದಲ್ಲಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮನೆಗೆ ಇನ್ನೊಂದು ಸಂಬಳ ಬರಲಿ ಅನ್ನುವುದು ನನ್ನ ಒಳಗಿದ್ದ ಆಸೆ. ಅದಕ್ಕೆ ನಾನು ಹಾಕಿದ ಹೆಸರು ಸ್ಕೋಪ್. ದೊಡ್ಡವರು ಚಿಕ್ಕವರಿಗೆ ಕೊಡುವ ಎಷ್ಟೋ ಬುದ್ಧಿಮಾತು ಹೀಗೇ ಇರುತ್ತೆ ಅಂತ ಈಗ ಅನಿಸುತ್ತದೆ. ಮಾತು ಅವರ ಭವಿಷ್ಯದ್ದು, ಭಯ ನಮ್ಮದು.

ಒಂಬತ್ತು ತಿಂಗಳು, ಒಂದೇ ಕೆಲಸ

ಪುಟ್ಟಿ ಸೇರಿದಳು. ಒಳ್ಳೆಯ ಆಫೀಸು, ಕ್ಯಾಬ್, ಸಮಯಕ್ಕೆ ಸಂಬಳ. ಕೆಲಸ ಅಕೌಂಟ್ಸ್ ಪೇಯಬಲ್ ವಿಭಾಗದಲ್ಲಿ. ಅಂದರೆ ಕಂಪನಿ ಯಾರಿಗೆ ದುಡ್ಡು ಕೊಡಬೇಕೋ ಅವರ ಬಿಲ್ ನೋಡುವುದು. ಬಿಲ್, ಅದಕ್ಕೆ ಕೊಟ್ಟ ಆರ್ಡರ್, ಸರಕು ಬಂದಿದ್ದಕ್ಕೆ ರಸೀದಿ, ಈ ಮೂರೂ ಹೊಂದುತ್ತವಾ ಅಂತ ನೋಡಬೇಕು. ಹೊಂದಿದರೆ ಮುಂದಕ್ಕೆ, ಇಲ್ಲದಿದ್ದರೆ ಹಿಂದಕ್ಕೆ. ದಿನಕ್ಕೆ ಇಷ್ಟು ಬಿಲ್ ಅಂತ ಗುರಿ.

ಮೊದಲ ಎರಡು ತಿಂಗಳು ಖುಷಿಯಾಗಿದ್ದಳು. ಆರನೇ ತಿಂಗಳಿಗೆ ಮಾತು ಕಡಿಮೆಯಾಯಿತು. ಒಂದು ಭಾನುವಾರ ನನ್ನ ರೂಮಿಗೆ ಬಂದವಳು, 'ಅಣ್ಣ, ನಾನು ನೋಡೋ ಬಿಲ್ಲು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ನಂಗೆ ಗೊತ್ತಿಲ್ಲ. ಆ ಕಂಪನಿಗೆ ಲಾಭ ಆಯ್ತಾ, ನಷ್ಟ ಆಯ್ತಾ ಅದೂ ಗೊತ್ತಿಲ್ಲ. ಅಪ್ಪನಿಗೆ ಇಡೀ ಮಂಡಿ ಗೊತ್ತಿತ್ತು. ನಂಗೆ ಒಂದು ಚೀಟಿ ಗೊತ್ತು' ಅಂದಳು.

ಆ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಅಲ್ಲಿಂದಲೇ ಒಂದೊಂದೇ ವಿಭಾಗ ಬದಲಿಸಿಕೊಂಡು, ತಿಂಗಳ ಲೆಕ್ಕ ಮುಗಿಸುವ ತಂಡಕ್ಕೆ ಹೋಗಿ, ಮೇಲೆ ಬಂದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇಡೀ ಲೆಕ್ಕ ಹೇಗೆ ನಡೆಯುತ್ತೆ ಅಂತ ನೋಡುವ ಮೊದಲೇ ಒಂದು ಮೂಲೆಯಲ್ಲಿ ಕೂತರೆ, ಆ ಮೂಲೆಯೇ ಲೋಕ ಆಗಿಬಿಡುವ ಅಪಾಯ ಇದೆ. ಅವಳು ಒಂಬತ್ತನೇ ತಿಂಗಳಿಗೆ ಕೆಲಸ ಬಿಟ್ಟಳು. ಊರಿಗೆ ಹೋಗಿ ಉಳಿದ ಗ್ರೂಪ್ ಓದಿದಳು. ಪಾಸಾಯಿತು.

ಈ ನಡುವೆ ನನಗೂ ಆಫೀಸಿನಲ್ಲಿ ಪಾಠ ಆಗುತ್ತಿತ್ತು. ಬಿಲ್ಲಿನ ಫೋಟೊ ಕೊಟ್ಟರೆ ಕಂಪ್ಯೂಟರ್ ತಾನೇ ಓದಿ, ಯಾವ ಖಾತೆಗೆ ಹಾಕಬೇಕು ಅಂತ ಹೇಳುವ ಸೌಲಭ್ಯವನ್ನು ನಮ್ಮ ತಂಡ ಮಾಡಿತು. ಓದುವುದೆಲ್ಲಾ ಚೆನ್ನಾಗೇ ಓದುತ್ತಿತ್ತು. ಒಂದು ಸಲ ಪಂಪಿನ ಮೋಟಾರ್ ಬಿಲ್ ಬಂತು. ಅದು ಹಳೆಯ ಪಂಪಿನ ರಿಪೇರಿಯಾ, ಹೊಸ ಆಸ್ತಿಯಾ? ರಿಪೇರಿಯಾದರೆ ಪೂರ್ತಿ ಈ ವರ್ಷದ ಖರ್ಚು. ಆಸ್ತಿಯಾದರೆ ವರ್ಷವರ್ಷ ಸವಕಳಿ ಬರೆಯಬೇಕು. ಲಾಭವೇ ಬದಲಾಗುತ್ತೆ, ತೆರಿಗೆಯೂ ಬದಲಾಗುತ್ತೆ. ಬಿಲ್ಲಿನಲ್ಲಿ ಅದಕ್ಕೆ ಉತ್ತರ ಇಲ್ಲ. ಕಾರ್ಖಾನೆಗೆ ಫೋನ್ ಮಾಡಿ ಕೇಳಬೇಕು. ಕೇಳಬೇಕು ಅಂತ ಹೊಳೆದದ್ದು ನಮ್ಮ ಅಕೌಂಟೆಂಟ್ ಮೇಡಂಗೆ, ನನಗಲ್ಲ.

ಅಪ್ಪನ ಕೈಯಿಂದ ಕಂಪ್ಯೂಟರ್ ಕಿತ್ತುಕೊಂಡದ್ದು ಬರೆಯುವ ಕೆಲಸವನ್ನು. ಯೋಚಿಸುವ ಕೆಲಸ ಅಪ್ಪನ ಹತ್ತಿರವೇ ಇತ್ತು. ಅದು ನನಗೆ ಅರ್ಥವಾಗಲು ಆರೇಳು ವರ್ಷ ಬೇಕಾಯಿತು.

ಒಂದು ಮೂಟೆ, ಆರು ಪ್ರಶ್ನೆ

ಇಂಟರ್ ಆದ ಮೇಲೆ ಆರ್ಟಿಕಲ್‌ಶಿಪ್. ಒಬ್ಬ ಸಿಎ ಹತ್ತಿರ ಕೆಲಸ ಕಲಿಯುವುದು. ಮೊದಲು ಮೂರು ವರ್ಷ ಇತ್ತು, 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಎರಡು ವರ್ಷ. ಎಲ್ಲಿ ಸೇರಬೇಕು ಅನ್ನುವುದೇ ಮುಂದೆ ಯಾವ ವಿಭಾಗಕ್ಕೆ ಹೋಗುತ್ತೀಯ ಅನ್ನುವುದರ ಮೊದಲ ಹೆಜ್ಜೆ. ಯುಗಾದಿಗೆ ಊರಿಗೆ ಹೋದಾಗ ಜಗಲಿಯ ಮೇಲೆ ಇದೇ ಚರ್ಚೆ. ನಾನು ಆಡಿಟ್, ಟ್ಯಾಕ್ಸ್ ಅಂತ ಏನೋ ವಿವರಿಸಲು ಹೋದೆ. ಅಪ್ಪ ತಡೆದರು. 'ಇರಪ್ಪ, ನಂಗೆ ಅರ್ಥ ಆಗೋ ಹಂಗೆ ಕೇಳ್ಕೊಳ್ತೀನಿ. ಒಂದು ಮೂಟೆ ಕೊಬ್ಬರಿ ಇದೆ ಅಂತಿಟ್ಕೊ. ಇವರೆಲ್ಲಾ ಅದನ್ನ ಏನಂತ ನೋಡ್ತಾರೆ?'

ಪುಟ್ಟಿ ನಕ್ಕು ಒಂದೊಂದೇ ಹೇಳತೊಡಗಿದಳು. ನಡುನಡುವೆ ಅಪ್ಪ ಸೇರಿಸಿದರು. ಆವತ್ತಿನ ಮಾತನ್ನು ನನಗೆ ನೆನಪಿರುವಷ್ಟು ಬರೆಯುತ್ತೇನೆ.

ಲೆಕ್ಕ ಬರೆಯುವವನ ಪ್ರಶ್ನೆ: ಈ ಮೂಟೆ ಯಾವ ಖಾತೆಗೆ? ಯಾರದ್ದು, ಎಷ್ಟಕ್ಕೆ ಬಂತು, ದುಡ್ಡು ಕೊಟ್ಟಾಯ್ತಾ, ಬಾಕಿಯಾ? ಎಲ್ಲಕ್ಕೂ ಇದೇ ಬುನಾದಿ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿಯನ್ನು ಇಟಲಿಯ ಲೂಕಾ ಪಾಚಿಯೋಲಿ 1494ರಲ್ಲೇ ಪುಸ್ತಕದಲ್ಲಿ ವಿವರಿಸಿದ್ದ. ಇವತ್ತಿನ ಸಾಫ್ಟ್‌ವೇರ್ ಒಳಗೂ ಅದೇ ಇದೆ.

ಆಡಿಟರ್ ಪ್ರಶ್ನೆ: ಪುಸ್ತಕದಲ್ಲಿ ಮೂಟೆ ಇದೆ, ಗೋದಾಮಿನಲ್ಲಿ ಇದೆಯಾ? ಈ ಪ್ರಶ್ನೆ ಸರಿಯಾಗಿ ಕೇಳದಿದ್ದರೆ ಏನಾಗುತ್ತೆ ಅನ್ನುವುದಕ್ಕೆ ಹೈದರಾಬಾದಿನ ಸತ್ಯಂ ಕಂಪನಿಯ ಉದಾಹರಣೆ ಇದೆ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡಾಗ, ಪುಸ್ತಕದಲ್ಲಿ ತೋರಿಸಿದ್ದ 5,000 ಕೋಟಿಗೂ ಮೀರಿದ ನಗದು ಮತ್ತು ಬ್ಯಾಂಕ್ ಹಣ ಇರಲೇ ಇಲ್ಲ.

ಟ್ಯಾಕ್ಸ್‌ನವನ ಪ್ರಶ್ನೆ: ಕಾನೂನಿನ ಕಣ್ಣಲ್ಲಿ ಇದೇನು? ತೆಂಗಿನಕಾಯಿಗೆ ಜಿಎಸ್‌ಟಿ ಇಲ್ಲ, ಕೊಬ್ಬರಿಗೆ ಶೇಕಡಾ 5. ಕಾಯಿ ಯಾವಾಗ ಕೊಬ್ಬರಿ ಆಗುತ್ತೆ? 'ಅಟ್ಟದ ಮೇಲಿದ್ದಾಗ ಅದನ್ನ ಕೇಳ್ಬೇಕು' ಅಂದರು ಅಪ್ಪ. ನಗು ಬಂದರೂ ಟ್ಯಾಕ್ಸ್ ಕೆಲಸ ಇರುವುದೇ ಅಲ್ಲಿ. ಒಂದು ಪದದ ಅರ್ಥಕ್ಕಾಗಿ ದಿನಗಟ್ಟಲೆ ಓದುವ ತಾಳ್ಮೆ ಬೇಕು. ಕಾನೂನು ಬದಲಾದಾಗಲೆಲ್ಲಾ ಮತ್ತೆ ಓದಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬರುತ್ತದೆ ಅಂತ ಆದಾಗ ಎಷ್ಟು ಹಿರಿಯರಾದರೂ ಮತ್ತೆ ವಿದ್ಯಾರ್ಥಿಗಳೇ.

ಕಾಸ್ಟ್ ಅಕೌಂಟೆಂಟ್ ಪ್ರಶ್ನೆ: ಈ ಮೂಟೆಗೆ ನಿಜವಾಗಿ ಎಷ್ಟು ಬಿತ್ತು? ಕಾಯಿ ಕೆಡವಿದ ಕೂಲಿ, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟ ಜಾಗ, ಸುಲಿಸಿದ ಕೂಲಿ, ಕೊಳೆತು ಹೋದ ಕಾಯಿ, ಅಷ್ಟು ತಿಂಗಳು ದುಡ್ಡು ಸಿಕ್ಕಿಕೊಂಡಿದ್ದಕ್ಕೆ ಬಡ್ಡಿ. 'ಇದನ್ನ ಯಾವ ರೈತನೂ ಕೂಡಿಸಿ ನೋಡಲ್ಲ. ನೋಡಿದ್ರೆ ಅಳ್ತಾನೆ' ಅಂದರು ಅಪ್ಪ. ಇದಕ್ಕೇ ಪ್ರತ್ಯೇಕ ಸಂಸ್ಥೆ, ಪ್ರತ್ಯೇಕ ಕೋರ್ಸ್ ಇದೆ. ಸಿಎಂಎ ಅನ್ನುತ್ತಾರೆ. 1959ರ ಕಾಯ್ದೆಯಿಂದ ಬಂದ ಸಂಸ್ಥೆ ಅದು. ಕಾರ್ಖಾನೆ ಇಷ್ಟಪಡುವವರಿಗೆ ಒಳ್ಳೆಯ ದಾರಿ.

ಫೊರೆನ್ಸಿಕ್‌ನವನ ಪ್ರಶ್ನೆ: ಮೂಟೆ ಇಲ್ಲ ಅಂತ ಗೊತ್ತಾಯ್ತು. ಯಾರು, ಯಾವಾಗ, ಹೇಗೆ ಸಾಗಿಸಿದರು, ಅದಕ್ಕೆ ಯಾವ ಕಾಗದ ಸೃಷ್ಟಿಸಿದರು? ಕೋರ್ಟಿನಲ್ಲಿ ನಿಲ್ಲುವ ಹಾಗೆ ಸಾಕ್ಷಿ ಜೋಡಿಸಬೇಕು.

ಆರನೆಯದು ನನ್ನ ಕೆಲಸಕ್ಕೆ ಹತ್ತಿರದ್ದು, ಸಿಸ್ಟಮ್ಸ್ ಆಡಿಟ್. ಇದರ ಪ್ರಶ್ನೆ: ಕಂಪ್ಯೂಟರಿನಲ್ಲಿ ಈ ಮೂಟೆ ನಮೂದಿಸಿದ್ದು ಯಾರು, ಆಮೇಲೆ ತಿದ್ದಿದ್ದು ಯಾರು? 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕದ ಜೊತೆ ದಾಖಲಾಗಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಕೂಡದು. ಕಿರ್ದಿಯಲ್ಲಿ ತಪ್ಪಾದರೆ ಅಳಿಸಬಾರದು, ಒಂದು ಗೆರೆ ಎಳೆದು ಮೇಲೆ ಬರೆದು ಸಹಿ ಹಾಕಬೇಕು ಅಂತ ಅಪ್ಪ ಹೇಳುತ್ತಿದ್ದುದು ಇದೇ ಅಲ್ಲವಾ ಅಂತ ನನಗೆ ಆವತ್ತು ಹೊಳೆಯಿತು.

ಕೊನೆಗೆ ಅಪ್ಪ ಪುಟ್ಟಿಯ ಕಡೆ ತಿರುಗಿ ಕೇಳಿದರು. 'ಇಷ್ಟು ಪ್ರಶ್ನೆಲಿ ಯಾವುದು ನಿಂಗೆ ನಿದ್ದೆ ಕೆಡಿಸುತ್ತೆ?' ಅವಳು ಸ್ವಲ್ಪ ಯೋಚಿಸಿ, 'ಇನ್ನೂ ಗೊತ್ತಿಲ್ಲಪ್ಪ' ಅಂದಳು. 'ಹಂಗಾದ್ರೆ ಎಲ್ಲಾನೂ ಸ್ವಲ್ಪ ಸ್ವಲ್ಪ ಮಾಡೋ ಕಡೆ ಸೇರ್ಕೊ. ಗೊತ್ತಾಗುತ್ತೆ.'

ತುಮಕೂರಿನ ರೈಲು

ಅವಳ ಮುಂದೆ ಮೂರು ದಾರಿ ಇದ್ದವು. ಬೆಂಗಳೂರಿನ ದೊಡ್ಡ ಹೆಸರಿನ ಒಂದು ಕಡೆ ಟ್ಯಾಕ್ಸ್ ವಿಭಾಗ ಮಾತ್ರ. ಇನ್ನೊಂದು ಬೆಂಗಳೂರಿನದೇ ಮಧ್ಯಮ ಗಾತ್ರದ ಸಂಸ್ಥೆ, ಕಂಪನಿಗಳ ಆಡಿಟ್, ಊರೂರು ತಿರುಗಾಟ. ಮೂರನೆಯದು ತುಮಕೂರಿನ ಸಣ್ಣ ಆಫೀಸು. ಅಂಗಡಿಗಳ ಜಿಎಸ್‌ಟಿ, ಅಕ್ಕಿ ಗಿರಣಿಯ ಟ್ಯಾಕ್ಸ್ ಆಡಿಟ್, ಸಹಕಾರ ಸಂಘದ ಲೆಕ್ಕ, ಒಂದೆರಡು ಕಾರ್ಖಾನೆ, ಎಲ್ಲಾ ಇದೆ. ಸ್ಟೈಪೆಂಡ್ ಮಾತ್ರ ಅಲ್ಪ.

'ಹೆಣ್ಣುಮಗಳು ಊರೂರು ಆಡಿಟ್‌ಗೆ ಅಲೆಯೋದಾ?' ಅಂತ ಅಮ್ಮನ ಚಿಂತೆ. 'ಬೆಂಗಳೂರಿನ ಕೆಲಸದಲ್ಲಿ ಬರ್ತಿದ್ದ ಸಂಬಳದ ಮುಂದೆ ಇದೇನು?' ಅಂತ ನೆಂಟರ ಮಾತು. ಈ ಸಲ ನಾನು ಒಂದೇ ಮಾತು ಹೇಳಿದೆ: 'ಮನೆ ಸಾಲ ನಾನು ನೋಡ್ಕೋತೀನಿ. ಅದನ್ನ ತಲೆಯಿಂದ ತೆಗೆದುಹಾಕಿ ಆರಿಸ್ಕೊ.' ಹೇಳುವಾಗ ಧೈರ್ಯ ಇತ್ತು ಅಂತೇನಿಲ್ಲ. ಆದರೂ ಹೇಳಿದೆ.

ಅವಳು ತುಮಕೂರು ಆರಿಸಿದಳು. ಬೆಳಗ್ಗೆ ರೈಲಿನಲ್ಲಿ ಹೋಗಿ ರಾತ್ರಿ ಬರುವುದು. ಮೊದಲ ಕೆಲವು ತಿಂಗಳಲ್ಲೇ ಅವಳಿಗೆ ವರ್ಷದ ತಾಳ ಗೊತ್ತಾಯಿತು. ತಿಂಗಳ 11ನೇ ತಾರೀಕು ಬಂತೆಂದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. ಆ ಎರಡು ದಿನದ ಹಿಂದೆ ಮುಂದೆ ಮನೆಯಲ್ಲಿ ಹಬ್ಬ ಇಟ್ಟುಕೊಳ್ಳುವ ಹಾಗಿಲ್ಲ. ಮಾರಿದವನು ತನ್ನ ವಿವರದಲ್ಲಿ ಬಿಲ್ ತೋರಿಸದಿದ್ದರೆ ಕೊಂಡವನಿಗೆ ತೆರಿಗೆ ಜಮೆ ಸಿಗುವುದಿಲ್ಲ. ಹಾಗಾಗಿ ಅರ್ಧ ದಿನ ಫೋನಿನಲ್ಲಿ ಜಗಳ. ಆಡಿಟ್ ಕೆಲಸ ಬೇರೆ ತಾಳದ್ದು. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತದೆ. ಅಲ್ಲಿಂದ ಸೆಪ್ಟೆಂಬರ್ ಕೊನೆಯ ತನಕ ಉಸಿರು ಬಿಡಲು ಪುರುಸೊತ್ತಿಲ್ಲ. ಈ ತಾಳ ಯಾವ ಕೋರ್ಸಿನ ಜಾಹೀರಾತಿನಲ್ಲೂ ಇರುವುದಿಲ್ಲ. ಆದರೆ ಜೀವನ ಪೂರ್ತಿ ಕುಣಿಯಬೇಕಾದದ್ದು ಇದಕ್ಕೇ.

ಕಾಣೆಯಾದ ಆರು ಮೂಟೆ

ಕಳೆದ ವರ್ಷ ಅವಳನ್ನು ಒಂದು ಗೋದಾಮಿಗೆ ದಾಸ್ತಾನು ಎಣಿಸಲು ಕಳಿಸಿದರು. ಕೊಬ್ಬರಿ ಗೋದಾಮೇ. ಪುಸ್ತಕದಲ್ಲಿ 212 ಮೂಟೆ. ಇವಳು ಎಣಿಸಿದರೆ 206. ಮತ್ತೆ ಎಣಿಸಿದಳು, 206. ಗೋದಾಮಿನವರು ನಕ್ಕು, 'ಕೊಬ್ಬರಿ ಒಣಗುತ್ತಲ್ಲಮ್ಮ, ಕಮ್ಮಿ ಆಗಿರುತ್ತೆ ಬಿಡಿ' ಅಂದರಂತೆ. ಜೊತೆಗೆ ಬಂದಿದ್ದ ಹುಡುಗ ಹೂಂ ಅಂದು ಬರೆದುಕೊಳ್ಳಲು ಹೊರಟಿದ್ದ.

ಪುಟ್ಟಿ ಕೇಳಿದಳಂತೆ, 'ಒಣಗಿದ್ರೆ ತೂಕ ಕಮ್ಮಿ ಆಗ್ಬೇಕು. ಮೂಟೆ ಹೆಂಗೆ ಕಮ್ಮಿ ಆಗುತ್ತೆ?'

ಎದುರಿನವರ ಹತ್ತಿರ ಉತ್ತರ ಇರಲಿಲ್ಲ. ಅವಳು ಆ ರಾತ್ರಿ ಮನೆಗೆ ಬಂದು ಊಟ ಮಾಡಲಿಲ್ಲ. ಮಾರನೇ ದಿನ ಹೊರಹೋದ ಸರಕಿನ ಚೀಟಿ, ಲಾರಿ ಬಾಡಿಗೆ ರಸೀದಿ, ಹಮಾಲರ ಕೂಲಿ ಪುಸ್ತಕ ಎಲ್ಲಾ ಎದುರಿಗೆ ಇಟ್ಟುಕೊಂಡು ಕೂತಳು. ಕೂಲಿ ಪುಸ್ತಕದಲ್ಲಿ ಒಂದು ದಿನ ಆರು ಮೂಟೆ ಎತ್ತಿದ್ದಕ್ಕೆ ಕೂಲಿ ಕೊಟ್ಟಿತ್ತು. ಆ ದಿನ ಸರಕು ಹೊರಹೋದ ಚೀಟಿಯೇ ಇಲ್ಲ. ಕೇಳಿದಾಗ ಗೊತ್ತಾಯಿತು, ಮಾಲೀಕರ ಇನ್ನೊಂದು ಅಂಗಡಿಗೆ ತುರ್ತಾಗಿ ಕಳಿಸಿದ್ದರು, ಚೀಟಿ ಬರೆಯುವುದು ಮರೆತಿದ್ದರು. ಕಳ್ಳತನ ಏನೂ ಅಲ್ಲ. ಆದರೆ ಲೆಕ್ಕದಲ್ಲಿ ಇಲ್ಲದ್ದು ಇಲ್ಲವೇ.

ಅವಳ ಸಿಎ ಸರ್ ಹೊಗಳಲಿಲ್ಲ. 'ಕಡೆಗೆ ನಾನು ಸಹಿ ಹಾಕೋದು ಇದರ ಕೆಳಗೆ' ಅಂದರಂತೆ, ಅಷ್ಟೇ. ಸಿಎ ಒಬ್ಬರು ಕೊಡುವ ಪ್ರತಿ ಆಡಿಟ್ ವರದಿಗೂ ಈಗ 18 ಅಂಕಿಯ ಯುಡಿಐಎನ್ ಸಂಖ್ಯೆ ಇರುತ್ತದೆ. ಆ ಸಹಿ ನಿಜವಾ ಅಂತ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಬ್ಯಾಂಕು ಸಾಲ ಕೊಡುವುದು, ಜನ ದುಡ್ಡು ಹಾಕುವುದು ಆ ಸಹಿಯನ್ನು ನಂಬಿ. ಆ ಮಾತು ಅವಳ ಮನಸ್ಸಿಗೆ ನಾಟಿತ್ತು.

ಆರಿಸುವ ಮೊದಲು

ನಾನು ಅಕೌಂಟೆಂಟ್ ಅಲ್ಲ. ಆದರೆ ತಪ್ಪು ಸಲಹೆ ಕೊಟ್ಟ ಅನುಭವ ಇದೆ. ಅದರ ಮೇಲೆ ನಾಲ್ಕು ಮಾತು.

ಮೊದಲನೆಯದು, ವಿಭಾಗ ಆರಿಸುವ ಮುಂಚೆ ಒಂದು ಸಣ್ಣ ವ್ಯಾಪಾರದ ಲೆಕ್ಕವನ್ನು ಬಿಲ್ಲಿನಿಂದ ಹಿಡಿದು ಬ್ಯಾಲೆನ್ಸ್ ಶೀಟ್ ತನಕ ಒಂದು ಸಲ ಕೈಯಾರೆ ಮಾಡಿ. ನೆಂಟರ ಅಂಗಡಿಯದಾದರೂ ಸರಿ. ಇಡೀ ಮನೆ ನೋಡಿದ ಮೇಲೆ ಯಾವ ಕೋಣೆ ಅಂತ ಆರಿಸುವುದು ಸುಲಭ.

ಎರಡನೆಯದು, ಹೆಸರು ನೋಡಬೇಡಿ, ದಿನ ನೋಡಿ. ಆ ಕೆಲಸ ಮಾಡುವ ಒಬ್ಬರ ಜೊತೆ ಒತ್ತಡದ ವಾರದಲ್ಲೇ ಕೂತು ಬನ್ನಿ. ಟ್ಯಾಕ್ಸ್ ಆದರೆ 20ರ ಹಿಂದಿನ ವಾರ, ಆಡಿಟ್ ಆದರೆ ಸೆಪ್ಟೆಂಬರ್. ಒಂಟಿಯಾಗಿ ಕೂತು ಓದುವವರಿಗೆ ಟ್ಯಾಕ್ಸ್ ಹಿಡಿಸಬಹುದು. ಜನರ ಎದುರು ನಿಂತು, ಮುಖ ಮುರಿಯದೆ, ಕೇಳಿದ್ದನ್ನೇ ಮೂರು ಸಲ ಕೇಳುವ ಧೈರ್ಯ ಇರುವವರಿಗೆ ಆಡಿಟ್. ಯಂತ್ರದ ಸದ್ದು ಇಷ್ಟ ಇದ್ದರೆ ಕಾಸ್ಟಿಂಗ್.

ಮೂರನೆಯದು, ಎಲ್ಲರೂ ಸಿಎ ಆಗಲೇಬೇಕು ಅಂತಿಲ್ಲ. ಸಿಎಂಎ ಇದೆ, ಕಂಪನಿ ಸೆಕ್ರೆಟರಿ ಕೋರ್ಸ್ ಇದೆ. ಸರ್ಕಾರಿ ಕೆಲಸ ಬೇಕು ಅನ್ನುವವರಿಗೆ ಕೆಪಿಎಸ್‌ಸಿ ಮೂಲಕ ರಾಜ್ಯದ ಲೆಕ್ಕಪತ್ರ ಇಲಾಖೆ, ಕೇಂದ್ರದ ಪರೀಕ್ಷೆಗಳ ಮೂಲಕ ಸಿಎಜಿ ಕೆಳಗಿನ ಆಡಿಟ್ ಕಚೇರಿಗಳಿವೆ. ಬಿ.ಕಾಂ ಮುಗಿಸಿ ಒಂದು ಒಳ್ಳೆಯ ಆಫೀಸಿನಲ್ಲಿ ಜಿಎಸ್‌ಟಿ ಕೆಲಸ ಕಲಿತು ಗೌರವವಾಗಿ ಬದುಕುತ್ತಿರುವವರು ಪ್ರತಿ ತಾಲೂಕಿನಲ್ಲೂ ಇದ್ದಾರೆ.

ನಾಲ್ಕನೆಯದು ಮನೆಯವರಿಗೆ, ಅದರಲ್ಲೂ ನನ್ನಂಥ ಅಣ್ಣಂದಿರಿಗೆ. ಕಂಪ್ಯೂಟರ್ ಎಲ್ಲಾ ನುಂಗುತ್ತೆ ಅಂತ ಹೆದರಿಸಬೇಡಿ. ನಾನೇ ಅಂಥ ಕಂಪ್ಯೂಟರ್ ಕೆಲಸ ಮಾಡುವವನು. ಬರೆಯುವ, ಕೂಡಿಸುವ, ಹೊಂದಿಸುವ ಕೆಲಸ ಅದಕ್ಕೆ ಹೋಗುತ್ತಿದೆ, ಇನ್ನೂ ಹೋಗುತ್ತದೆ. 206 ಅಂತ ಎಣಿಸುವುದನ್ನೂ ನಾಳೆ ಕ್ಯಾಮೆರಾ ಮಾಡೀತು. ಆಮೇಲೆ ಹಮಾಲರ ಕೂಲಿ ಪುಸ್ತಕ ತೆಗೆದು ನೋಡೋಣ ಅಂತ ಅನಿಸಬೇಕಲ್ಲ, ಅದನ್ನು ಕಲಿಯಲಿ ನಿಮ್ಮ ಮಕ್ಕಳು. ಮತ್ತೆ ಸಲಹೆ ಕೊಡುವ ಮೊದಲು, ನಿಮ್ಮ ಸಾಲದ ಕಂತು ಅದರಲ್ಲಿ ಎಷ್ಟಿದೆ ಅಂತ ಒಮ್ಮೆ ಲೆಕ್ಕ ಹಾಕಿಕೊಳ್ಳಿ.

ಆ ರಾತ್ರಿ ಫೋನಿನಲ್ಲಿ ಸ್ಕೋಪ್ ಬಗ್ಗೆ ನಾನು ಏನೂ ಹೇಳಲಿಲ್ಲ. 'ಅಪ್ಪ ಅವತ್ತು ಜಗಲಿ ಮೇಲೆ ಒಂದು ಪ್ರಶ್ನೆ ಕೇಳಿದ್ರಲ್ಲ, ಅದಕ್ಕೆ ಈಗ ಉತ್ತರ ಇದೆಯಾ?' ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಆ ಆರು ಮೂಟೆ ಸಿಗೋ ತನಕ ನಂಗೆ ಊಟ ಸೇರ್ಲಿಲ್ಲ ಅಲ್ವಾ ಅಣ್ಣ' ಅಂದಳು. ಪಟ್ಟಿಯಲ್ಲಿ ಫೊರೆನ್ಸಿಕ್ ಅಕೌಂಟಿಂಗ್ ಆರಿಸಿದ್ದಾಳೆ. ಇದೇ ಕೊನೆ ಅಂತೇನೂ ಅಲ್ಲ. ಸಿಎ ಆದ ಮೇಲೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಅದಕ್ಕೆ ಮೊದಲು ಫೈನಲ್‌ನ ಆರು ಪೇಪರ್ ಇದೆ. ಪಾಸಾಗುತ್ತಾಳೋ, ಎಷ್ಟನೇ ಸಲಕ್ಕೋ, ಅದು ಮುಂದಿನ ಮಾತು.

ಫೋನ್ ಇಡುವಾಗ ಹಿಂದಿನಿಂದ ಅಪ್ಪನ ದನಿ ಕೇಳಿಸಿತು. 'ಇಷ್ಟು ಹೊತ್ತಾದ್ರೂ ಇನ್ನೂ ಎದ್ದಿದೀಯಲ್ಲ, ಲೆಕ್ಕ ತಾಳೆ ಆಗ್ಲಿಲ್ವೇನಮ್ಮ?'